ಕೆಮ್ಮದ ಪೆಟ್ಟಿಗೆ

ಮೂರು ವರ್ಷದ ಹಿಂದಿನ ಶ್ರಾವಣ. ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಆಡಿಯೋ ಸರ್ವಿಸ್ ಅಂಗಡಿ ಶುರುವಾಗಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಅದಕ್ಕೂ ಮೊದಲು ಮೈಸೂರಿನಲ್ಲಿ ಕ್ಯಾಸೆಟ್ ಮಾಡುವ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಮೇಂಟೆನೆನ್ಸ್ ಟೆಕ್ನಿಷಿಯನ್ ಆಗಿದ್ದೆ. ಕ್ಯಾಸೆಟ್ ಕಾಲ ಮುಗಿಯಿತು, ಸ್ಟುಡಿಯೋ ಬಾಗಿಲು ಹಾಕಿತು, ನಾನು ಸೋಲ್ಡರಿಂಗ್ ಐರನ್ ಹಿಡಿದುಕೊಂಡು ಊರಿಗೆ ಬಂದೆ. ಶಾಮಿಯಾನದವರ ಆಂಪ್ಲಿಫೈಯರ್, ದೇವಸ್ಥಾನದ ಮೈಕ್ ಸೆಟ್, ಆರ್ಕೆಸ್ಟ್ರಾದವರ ಮಿಕ್ಸರ್, ಇವೇ ನನ್ನ ಅನ್ನ. ಇವುಗಳ ಕಾಯಿಲೆ ನನಗೆ ಬಾಯಿಪಾಠ. ಹಬ್ಬದ ಹಿಂದಿನ ದಿನ ಸುಟ್ಟುಕೊಂಡು ಬರುತ್ತವೆ, ಹಬ್ಬದ ಬೆಳಿಗ್ಗೆಯೇ ಎದ್ದು ಕೂಗಬೇಕು ಎನ್ನುತ್ತವೆ.

ನನ್ನದೊಂದು ಹಟ ಇತ್ತು. ಗಿರಾಕಿ ಏನೇ ಹೇಳಲಿ, ಮೀಟರ್ ಹೇಳಿದ್ದನ್ನೇ ನಾನು ನಂಬುವುದು. ಸೌಂಡ್ ಒಂಥರಾ ದಪ್ಪ ಇದೆ, ಸೌಂಡ್ ಮಂಕಾಗಿದೆ ಎಂದೆಲ್ಲ ಹೇಳಿಕೊಂಡು ಬಂದವರಿಗೆ, ಕಿವಿಗೆ ದಾಕ್ಷಿಣ್ಯ ಇರುತ್ತದೆ, ಮೀಟರಿಗೆ ಇರುವುದಿಲ್ಲ ಎಂದು ಉಪದೇಶ ಮಾಡಿ ಕಳಿಸುತ್ತಿದ್ದೆ. ಆ ಉಪದೇಶವನ್ನು ಈಗ ಮಾಡುವುದಿಲ್ಲ. ಯಾಕೆ ಬಿಟ್ಟೆ ಎಂಬುದೇ ಈ ಪ್ರಸಂಗ.

ಒಂದು ಮಧ್ಯಾಹ್ನ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ ಸವಿತ ಎಂಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಅಲ್ಲಿ ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋ ನಡೆಸುತ್ತಾಳೆ. ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದ ಕಂಬಳಿ ಗಂಟನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. ಒಳಗಿದ್ದದ್ದು ಒಂದು ಡಿಜಿಟಲ್ ರಿವರ್ಬ್. ಎಂಬತ್ತರ ದಶಕದ ಕೊನೆಯ ಜಪಾನಿ ಮಾಲು. ಮೈಸೂರಿನ ಸ್ಟುಡಿಯೋದಲ್ಲಿ ಇಂಥದೇ ಒಂದರ ಧೂಳು ಒರೆಸಿ ನಾನು ಯೌವನ ಕಳೆದಿದ್ದೆ. ನೋಡಿ ಬಹಳ ಸಂತೋಷವಾಯಿತು.

ರಿವರ್ಬ್ ಎಂದರೇನು ಎಂದು ಹೇಳಿಬಿಡುತ್ತೇನೆ. ಖಾಲಿ ಕಲ್ಯಾಣ ಮಂಟಪದಲ್ಲಿ ನಿಂತು ಒಂದು ಕೂಗು ಹಾಕಿದರೆ ಕೂಗು ನಿಂತ ಮೇಲೂ ದನಿ ಗೋಡೆಗಳ ನಡುವೆ ಸ್ವಲ್ಪ ಹೊತ್ತು ಓಡಾಡಿ ಆಮೇಲೆ ಕರಗುತ್ತದೆ. ಸಣ್ಣ ಕೋಣೆಯಲ್ಲಿ, ಗೋಡೆಗೆಲ್ಲ ಹಾಸಿಗೆ ಬಡಿದು ರೆಕಾರ್ಡ್ ಮಾಡಿದ ಹಾಡಿಗೆ ಆ ಓಡಾಟ ಇರುವುದಿಲ್ಲ. ಹಾಡು ಒಣಗಿದ ರೊಟ್ಟಿಯ ಹಾಗೆ ಕೇಳಿಸುತ್ತದೆ. ಈ ಪೆಟ್ಟಿಗೆ ಒಳಗೆ ಬಂದ ದನಿಯನ್ನು ಅಂಕಿಗಳಾಗಿ ಮಾಡಿಕೊಂಡು, ಲೆಕ್ಕ ಹಾಕಿ, ಇಲ್ಲದ ಮಂಟಪವೊಂದನ್ನು ಕಟ್ಟಿ ಅದರ ಅನುರಣನವನ್ನು ಹೊರಗೆ ಬಿಡುತ್ತದೆ. ಈಗ ಕಂಪ್ಯೂಟರಿನಲ್ಲೇ ಎಲ್ಲ ಆಗುತ್ತದೆ. ಆದರೂ ಹಳೆಯ ಪೆಟ್ಟಿಗೆಗಳ ದನಿಯಲ್ಲಿರುವ ಒಂದು ತರಿ ತರಿ ಗುಣ ಕಂಪ್ಯೂಟರಿಗೆ ಬರುವುದಿಲ್ಲ ಎಂದು ಹುಡುಕಿಕೊಂಡು ಹೋಗುವವರಿದ್ದಾರೆ.

ಸವಿತಳ ತಂದೆ ಜವರಪ್ಪ ತಂಬಾಕು ಬೆಳೆಗಾರರು, ಹಾಡಿನ ಹುಚ್ಚಿನವರು. ಬಾಗಿಲು ಹಾಕಿದ ಯಾವುದೋ ಸ್ಟುಡಿಯೋದಿಂದ ಈ ಪೆಟ್ಟಿಗೆಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ದರಂತೆ. ಸುತ್ತಿನ ಊರುಗಳ ಹಾಡುಗಾರರನ್ನು ಕರೆಸಿ ಹಾಡಿಸಿ, ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತಿದ್ದರು. ಅವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಕೊನೆಯ ಕೆಲಸ ಅರ್ಧಕ್ಕೆ ನಿಂತಿತ್ತು.

"ಸಾರ್, ಇದು ಗೌರಿ ಹಬ್ಬದೊಳಗೆ ರೆಡಿ ಆಗ್ಬೇಕು," ಎಂದಳು ಸವಿತ. "ಹಬ್ಬ ಕಳೆದ ವಾರಕ್ಕೆ ನಮ್ಮ ದೊಡ್ಡವ್ವಂಗೆ ಮೈಸೂರಲ್ಲಿ ಗಂಟಲು ಆಪರೇಷನ್. ಗಡ್ಡೆ ಆಗೈತೆ. ಆಪರೇಷನ್ ಆದ್ಮೇಲೆ ಇದೇ ದನಿ ಇರ್ತದೆ ಅಂತ ಹೇಳಕಾಗಲ್ಲ ಅಂದವ್ರೆ ಡಾಕ್ಟ್ರು. ಅಷ್ಟ್ರೊಳಗೆ ಹಾಡು ಮುಗಿಸ್ಬೇಕು."

ದೊಡ್ಡವ್ವ ಎಂದರೆ ಹನಗೋಡಿನ ಕೆಂಪಮ್ಮ, ಸವಿತಳ ತಾಯಿಯ ಅಕ್ಕ. ಸೋಬಾನೆ ಹಾಡಿನಲ್ಲಿ ಹೆಸರು ಮಾಡಿದವರು. ನಮ್ಮ ಕಡೆಯ ಮದುವೆಗಳಲ್ಲಿ ಸೋಬಾನೆಗೆ ಒಂದು ಕ್ರಮವಿದೆ. ಒಬ್ಬಾಕೆ ಸಾಲು ಹೇಳಿಕೊಡುತ್ತಾಳೆ. ಹಿಂದೆ ಕೂತವರು ಆ ಸಾಲಿನ ತುದಿ ಹಿಡಿದು ಮತ್ತೆ ಹಾಡುತ್ತಾರೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಅವರು ಸೊಲ್ಲು ಹಿಡಿದಿರುವಷ್ಟು ಹೊತ್ತು ಮುಂದಿನವಳು ಉಸಿರು ಎಳೆದುಕೊಂಡು ಮುಂದಿನ ಸಾಲು ನೆನೆಯುತ್ತಾಳೆ. ಸೊಲ್ಲು ಸಡಿಲಾದರೆ ಹೇಳಿಕೊಡುವವಳ ಶ್ರುತಿಯೂ ಜಾರುತ್ತದೆ. ಗಂಡನ ಮನೆಗೆ ಹೋಗುವ ಹೆಣ್ಣು ಹೊಳೆ ದಾಟುವ ಒಂದು ದೊಡ್ಡ ಹಾಡು ಕೆಂಪಮ್ಮನಿಗೆ ತಾಯಿಯಿಂದ ಬಂದಿತ್ತು. ಅದರ ಮೊದಲರ್ಧವನ್ನು ಜವರಪ್ಪ ರೆಕಾರ್ಡ್ ಮಾಡಿದ್ದರು. ಹೆಣ್ಣು ನಡುಹೊಳೆಗೆ ಇಳಿಯುವಲ್ಲಿಗೆ ರೆಕಾರ್ಡಿಂಗ್ ನಿಂತಿದೆ.

"ಈಗ ಉಳಿದದ್ದನ್ನ ಹಾಡು ಅಂದ್ರೆ, ನಿಮ್ಮಪ್ಪನ ಪೆಟ್ಟಿಗೆ ಇಲ್ದೆ ಹಾಡಲ್ಲ ಅಂತದೆ ದೊಡ್ಡವ್ವ. ಸೊಲ್ಲು ಹಿಡಿಯಕೆ ಇಬ್ರು ಹೆಂಗಸ್ರನ್ನ ಕರ್ಕಂಡು ಬಂದೆ. ಇಬ್ರನ್ನೂ ವಾಪಸ್ ಕಳಿಸ್ತು. ಪೆಟ್ಟಿಗೆ ಹಿಡಿದಂಗೆ ಯಾರೂ ಹಿಡಿಯಲ್ಲ ಅಂತು."

"ನಿಮ್ಮ ತಾಯಿಗೆ ಹಾಡು ಬರಲ್ವಾ?" ಎಂದು ಕೇಳಿದೆ.

ಸವಿತ ನಕ್ಕಳು. "ಅವ್ವಂಗೂ ದೊಡ್ಡವ್ವಂಗೂ ಮಾತಿಲ್ಲ ಸಾರ್. ಹದಿನೈದು ವರ್ಷ ಆಯ್ತು. ಮಿರ್ಲೆ ಮದುವೇಲಿ ಹೇಳಿಕೊಡೋರಿಗೆ ಕೊಡೋ ಮೊದಲ ಎಲೆ ಅಡಿಕೆನ, ಅವ್ರ್ಯಾರೋ ತಿಳೀದೆ ನಮ್ಮವ್ವನ ಕೈಗೆ ಕೊಟ್ಬುಟ್ರು. ಅವ್ವ ಈಸ್ಕಂಡ್ಬುಡ್ತು. ಅವತ್ತಿಂದ ಹಿಂಗೆ. ದೊಡ್ಡವ್ವ ನಮ್ಮನೆಗೆ ಬಂದ್ರೆ ಅವ್ವ ತಂಬಾಕು ಬೇಯ್ಸೋ ಬ್ಯಾರನ್ ಕಡೆ ಎದ್ದು ಹೋಗ್ತದೆ."

ಎಲೆ ಅಡಿಕೆಗೆ ಹದಿನೈದು ವರ್ಷವೇ ಎಂದುಕೊಂಡೆ. ಅದು ನನ್ನ ಕೆಲಸವಲ್ಲ. ನನ್ನ ಕೆಲಸ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಅಂಥ ದೊಡ್ಡ ಕಾಯಿಲೆ ಏನೂ ಇರಲಿಲ್ಲ. ವಿದ್ಯುತ್ತನ್ನು ಹದ ಮಾಡಿ ಕೊಡುವ ಭಾಗದ ಕೆಪಾಸಿಟರುಗಳು ಒಣಗಿದ್ದವು. ಬದಲಾಯಿಸಿದೆ. ಒಳಗೆ ಬೆಸೆದಿದ್ದ ಗುಂಡಿ ಬ್ಯಾಟರಿ ಸತ್ತುಹೋಗಿತ್ತು. ಹಳೆಯ ರಿವರ್ಬುಗಳಲ್ಲಿ ಇದೊಂದು ತಾಪತ್ರಯ. ಬಳಸುವವರು ತಮಗೆ ಬೇಕಾದಂತೆ ಹದ ಮಾಡಿಟ್ಟುಕೊಂಡ ಪ್ರೋಗ್ರಾಂಗಳನ್ನು ಪೆಟ್ಟಿಗೆ ನೆನಪಿಟ್ಟುಕೊಳ್ಳುವುದು ಈ ಬ್ಯಾಟರಿಯ ಬಲದಿಂದ. ಬ್ಯಾಟರಿ ಸತ್ತರೆ ಕಂಪನಿ ಕೊಟ್ಟ ಪ್ರೋಗ್ರಾಂಗಳು ಮಾತ್ರ ಉಳಿಯುತ್ತವೆ. ಹೊಸ ಬ್ಯಾಟರಿ ಹಾಕಿದೆ. ಒಂದು ತುದಿಯಿಂದ ಟಕ್ ಎಂಬ ಸದ್ದು ಕಳಿಸಿ ಇನ್ನೊಂದು ತುದಿಯಲ್ಲಿ ಅದು ಕರಗುವ ರೀತಿಯನ್ನು ಆಸಿಲೋಸ್ಕೋಪಿನ ಪರದೆಯಲ್ಲಿ ನೋಡಿದೆ. ಗೆರೆ ಬಹಳ ಚೆನ್ನಾಗಿ ಇಳಿಯುತ್ತಿತ್ತು. ಸವಿತಳಿಗೆ ಫೋನ್ ಮಾಡಿ, ತಗೊಂಡು ಹೋಗಮ್ಮ ಎಂದೆ.

ಮಾರನೆಯ ದಿನ ಅವಳದೇ ಫೋನು. ಕೆಂಪಮ್ಮ ಹೆಡ್‌ಫೋನ್ ಹಾಕಿಕೊಂಡು ಒಂದೇ ಒಂದು ಸಾಲು ಹಾಡಿ, ಸುಮ್ಮನೆ ಕಾದು, ಹೆಡ್‌ಫೋನ್ ತೆಗೆದಿಟ್ಟರಂತೆ. "ಇದಲ್ಲ" ಎಂದರಂತೆ.

ಜವರಪ್ಪನವರು ಹದ ಮಾಡಿಟ್ಟಿದ್ದ ಪ್ರೋಗ್ರಾಂ ಅಳಿಸಿಹೋಗಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಪೆಟ್ಟಿಗೆಯನ್ನು ವಾಪಸ್ ತರಿಸಿಕೊಂಡೆ. ಜೊತೆಗೆ ಆ ಅರ್ಧ ಹಾಡಿನ ರೆಕಾರ್ಡಿಂಗನ್ನೂ ಪೆನ್ ಡ್ರೈವಿನಲ್ಲಿ ತರಿಸಿದೆ. ಅದನ್ನು ಕೇಳುತ್ತ, ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುತ್ತ, ಅದೇ ಅನುರಣನ ಬರುವ ತನಕ ಹೊಂದಿಸುವುದು ನನ್ನ ಯೋಚನೆ. ಮೈಸೂರಿನಲ್ಲಿ ಇಂಥ ಕೆಲಸ ನೂರಾರು ಮಾಡಿದ್ದೆ. ಬರಲಿಲ್ಲ. ಉದ್ದ ಮಾಡಿದರೆ ದನಿ ಕಲಸಿಹೋಗುತ್ತಿತ್ತು, ಗಿಡ್ಡ ಮಾಡಿದರೆ ಸಾಲಿನ ತುದಿ ಕತ್ತರಿಸಿದಂತಾಗುತ್ತಿತ್ತು. ರೆಕಾರ್ಡಿಂಗಿನಲ್ಲಿ ಸಾಲು ಮುಗಿದ ಮೇಲೆ ದನಿ ಕರಗುತ್ತಿರಲಿಲ್ಲ, ನಿಲ್ಲುತ್ತಿತ್ತು. ದೂರದಲ್ಲಿ, ಸಣ್ಣಗೆ, ಶ್ರುತಿ ಬಿಡದೆ ನಿಂತು, ಮುಂದಿನ ಸಾಲು ಬಂದ ಮೇಲೆ ಮೆಲ್ಲಗೆ ಸರಿದುಕೊಳ್ಳುತ್ತಿತ್ತು. ಇದನ್ನು ಯಾವ ಗುಂಡಿಯಿಂದ ತರುವುದು ಎಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಕೆಂಪಮ್ಮನೇ ಹನಗೋಡಿನಿಂದ ಬಸ್ಸು ಹತ್ತಿ ಅಂಗಡಿಗೆ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು. ಕತ್ತಿಗೆ ಸೆರಗು ಸುತ್ತಿಕೊಂಡಿದ್ದರು, ಗಡ್ಡೆ ಕಾಣಬಾರದೆಂದು. ಸ್ಟೂಲಿನ ಮೇಲೆ ಕೂರಿಸಿ, ಮೈಕ್ ಕೊಟ್ಟು, ಹೆಡ್‌ಫೋನ್ ಹಾಕಿ, ಒಂದೊಂದೇ ಪ್ರೋಗ್ರಾಂ ಬದಲಾಯಿಸುತ್ತ ಹೋದೆ. ಅವರು ಪ್ರತಿ ಸಲವೂ ಅದೇ ಒಂದು ಸಾಲು ಹಾಡಿ, ತಲೆ ಓರೆ ಮಾಡಿ ಕೇಳಿ, ಇಲ್ಲ ಎಂದು ಕೈಯಾಡಿಸುತ್ತಿದ್ದರು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನನಗೆ ಸಿಟ್ಟು ಬರಲು ಶುರುವಾಯಿತು.

"ಅಕ್ಕ, ಪೆಟ್ಟಿಗೇಲಿ ಏನೂ ತಪ್ಪಿಲ್ಲ. ನಾನು ಅಳತೆ ಮಾಡಿ ನೋಡಿದ್ದೀನಿ," ಎಂದೆ.

"ನೀನು ತಪ್ಪು ಅಂತ ನಾನೆಲ್ಲಿ ಅಂದೆ ಕಣಪ್ಪ? ಇದು ಸೊಲ್ಲು ಇಡೀತಿಲ್ಲ, ಅಷ್ಟೆಯ. ನಾನು ಅಂದದ್ದನ್ನೇ ವಾಪಸ್ ಯೋಳ್ತದೆ."

"ಅದರ ಕೆಲಸಾನೇ ಅದು."

"ಆವಾಗ ಅಂಗಿರ್ನಿಲ್ಲ." ಅವರು ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಸೆರಗು ಸರಿಮಾಡಿಕೊಂಡರು. "ಪೆಟ್ಟಿಗೆ ಇಲ್ಲೈತೆ, ಅದರ ದನಿ ಆರನಳ್ಳೀಲೇ ಎಲ್ಲೋ ಉಳ್ಕಂಡೈತೆ. ಒಂದ್ಸಲ ಓಗಿ ನೋಡ್ಬಾರದೇನಪ್ಪ? ಎಣ್ಣನ್ನ ನೀರ್ನಾಗೇ ನಿಲ್ಸ್ಬುಟ್ಟು ಓದ ಜವರಪ್ಪ. ನಾನೂ ಅಂಗೇ ಬುಟ್ಟೋಗಕಾಗ್ತದಾ?"

ಹೇಳುವಾಗ ಅವರ ದನಿ ಒಡೆಯಿತು. ಆದರೂ ಪೆಟ್ಟಿಗೆ ಇಲ್ಲಿ, ದನಿ ಅಲ್ಲಿ ಎಂಬ ಮಾತನ್ನು ನಾನು ವಯಸ್ಸಾದವರ ಮಾತು ಎಂದು ಬಿಟ್ಟುಬಿಟ್ಟೆ. ಮೈಸೂರಿನ ಗೆಳೆಯನೊಬ್ಬನಿಂದ ಅದೇ ಮಾಡೆಲ್ಲಿನ ಇನ್ನೊಂದು ಪೆಟ್ಟಿಗೆ ಎರವಲು ತರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆ. ಎರಡೂ ಒಂದೇ ತರಹ. ಎರಡರಲ್ಲೂ ಆ ದನಿ ಇಲ್ಲ. ಮೊದಲು ಒಂದು ಪೆಟ್ಟಿಗೆಯಿಂದ ತಲೆ ಕೆಟ್ಟಿತ್ತು, ಈಗ ಎರಡರಿಂದ ಕೆಟ್ಟಿತು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು.

ಕೊನೆಗೆ ಒಂದು ದಿನ ಗುಂಡಿ ತಿರುಗಿಸುವುದನ್ನು ಬಿಟ್ಟು, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಆ ಅರ್ಧ ಹಾಡನ್ನು ಮೊದಲಿನಿಂದ ಕೇಳಿದೆ. ಜವರಪ್ಪ ಎಲ್ಲವನ್ನೂ ಒಟ್ಟಿಗೇ ಬೆರೆಸಿ ಒಂದೇ ಓಟದಲ್ಲಿ ರೆಕಾರ್ಡ್ ಮಾಡಿದ್ದರು. ಆದ್ದರಿಂದ ದನಿಗಳನ್ನು ಬಿಡಿಸಿ ನೋಡುವ ಹಾಗಿರಲಿಲ್ಲ. ಹಾಡಿನ ನಡುವೆ ಒಂದು ಕಡೆ ಕೆಂಪಮ್ಮನಿಗೆ ಸಣ್ಣ ಕೆಮ್ಮು ಬಂದಿದೆ. ಸಾಲು ಮುಗಿಯುತ್ತಲೇ, ಎರಡು ಸಲ, ಖೊಕ್ ಖೊಕ್. ಅದನ್ನು ಆ ಮೊದಲೂ ಎಷ್ಟೋ ಬಾರಿ ಕೇಳಿದ್ದೆ. ಈ ಸಲ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ.

ಸಾಲಿಗೆ ಅನುರಣನ ಇತ್ತು. ಕೆಮ್ಮಿಗೆ ಇರಲಿಲ್ಲ.

ಓದುವವರಿಗೆ ಇದು ಸಣ್ಣ ವಿಷಯ ಎನಿಸಬಹುದು. ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ರಿವರ್ಬ್ ಪೆಟ್ಟಿಗೆಗೆ ಯಾವುದು ಹಾಡು ಯಾವುದು ಕೆಮ್ಮು ಎಂಬ ವಿವೇಕ ಇರುವುದಿಲ್ಲ. ಮೈಕಿಗೆ ಬಿದ್ದ ಎಲ್ಲಕ್ಕೂ ಬಾಲ ಅಂಟಿಸುತ್ತದೆ. ನಂಬಿಕೆ ಬರಲೆಂದು ಪೆಟ್ಟಿಗೆ ಹಾಕಿಕೊಂಡು ಮೈಕಿಗೆ ನಾನೇ ಕೆಮ್ಮಿದೆ. ಪೆಟ್ಟಿಗೆ ನನಗಿಂತ ಜೋರಾಗಿ ಕೆಮ್ಮಿತು. ಗೆಳೆಯನ ಪೆಟ್ಟಿಗೆಯನ್ನೂ ಕೆಮ್ಮಿಸಿದೆ. ಆಂಪ್ಲಿಫೈಯರ್ ತಂದಿದ್ದ ಒಬ್ಬ ಬಾಗಿಲಲ್ಲಿ ನಿಂತು, "ಅಣ್ಣ, ಮೆಡಿಕಲ್ ಇಂದ ಏನಾರ ತಂದ್ಕೊಡ್ಲಾ?" ಎಂದು ಕೇಳಿದ.

ಮತ್ತೆ ಕೇಳಿದೆ. ಕೆಮ್ಮು ಆದಾಗ ಆ ದನಿ ಸೊಲ್ಲನ್ನು ಸ್ವಲ್ಪ ಎಳೆದು ಹಿಡಿದುಕೊಂಡಿತ್ತು, ಕೆಮ್ಮುವವರು ಸುಧಾರಿಸಿಕೊಳ್ಳಲಿ ಎನ್ನುವಂತೆ. ಇನ್ನೂ ಮುಂದೆ, ಉದ್ದನೆಯ ಒಂದು ಸಾಲಿನ ಬಳಿಕ, ಬಹಳ ಸಣ್ಣಗೆ, ಉಸಿರು ಎಳೆದುಕೊಂಡ ಸದ್ದು. ಅದು ಕೆಂಪಮ್ಮನದಲ್ಲ. ಆ ಹೊತ್ತಿಗೆ ಕೆಂಪಮ್ಮ ಹಾಡುತ್ತಿದ್ದಾರೆ. ಜಪಾನಿನ ಪೆಟ್ಟಿಗೆ ಉಸಿರಾಡುತ್ತದೆಯೇ? ಮೈಸೂರಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದರೆ ಅವನು ನಕ್ಕು, ನಿನಗೆ ವಯಸ್ಸಾಯ್ತು ಬಿಡು ಎಂದ. ಆ ರಾತ್ರಿ ಊಟ ಸೇರಲಿಲ್ಲ. ಮೀಟರು ಸರಿಯಿದೆ ಎನ್ನುತ್ತದೆ, ಕಿವಿ ಅಲ್ಲ ಎನ್ನುತ್ತದೆ. ಇಷ್ಟು ವರ್ಷ ನಂಬಿದ್ದು ಕೈಕೊಟ್ಟಾಗ ಮನುಷ್ಯ ಯಾರ ಕಡೆ ನಿಲ್ಲಬೇಕು ಎಂದು ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದು ಪೆಟ್ಟಿಗೆಯ ಸಮೇತ ಹಾರನಹಳ್ಳಿಗೆ ಹೋದೆ. ಸವಿತ ಹಿಂದಿನ ಕೋಣೆ ತೆಗೆದು ತೋರಿಸಿದಳು. ಮಿಕ್ಸರ್ ಹಳೆಯದಾದರೂ ಅಚ್ಚುಕಟ್ಟಾಗಿತ್ತು. ರಿವರ್ಬಿನಿಂದ ವಾಪಸ್ ಬರುವ ದನಿಗೆಂದು ಮಿಕ್ಸರಿನಲ್ಲಿ ಒಂದು ಜಾಗ ಇರುತ್ತದೆ. ಜವರಪ್ಪನ ಅಕ್ಷರದಲ್ಲಿ ಅಲ್ಲಿ 'ಪೆಟ್ಟಿಗೆ' ಎಂದು ಚೀಟಿ ಅಂಟಿಸಿತ್ತು. ಆ ಚೀಟಿಯ ಕೆಳಗಿನ ವೈರನ್ನು ಬೆರಳಿನಲ್ಲಿ ಹಿಡಿದು ಹಿಂಬಾಲಿಸಿದೆ. ಅದು ಪೆಟ್ಟಿಗೆಯ ಜಾಗಕ್ಕೆ ಹೋಗಲಿಲ್ಲ. ಕಿಟಕಿಯ ಮೂಲೆಯ ತೂತಿನಿಂದ ಹೊರಗೆ ಹೋಯಿತು. ಜೊತೆಗೆ ಇನ್ನೊಂದು ವೈರು, ಹೆಡ್‌ಫೋನಿನದು.

"ಇದೆಲ್ಲಿಗೆ ಹೋಗ್ತದೆ?" ಎಂದೆ.

"ಗೊತ್ತಿಲ್ಲ ಸಾರ್. ಅಪ್ಪ ರೆಕಾರ್ಡಿಂಗ್ ಮಾಡೋವಾಗ ನಾನು ಮೈಸೂರಲ್ಲಿ ಹಾಸ್ಟೆಲ್ಲಲ್ಲಿದ್ದೆ," ಎಂದಳು ಸವಿತ.

ವೈರು ಸೂರಿನ ಕೆಳಗೇ ಓಡಿ, ಅಂಗಳ ದಾಟಿ, ತಂಬಾಕು ಬೇಯಿಸುವ ಬ್ಯಾರನ್ನಿಗೆ ಹೋಗಿತ್ತು. ನಮ್ಮ ಕಡೆ ಹೊಲಹೊಲದಲ್ಲೂ ಕಾಣುವ, ಕಿಟಕಿ ಇಲ್ಲದ, ಎರಡಾಳು ಎತ್ತರದ ಇಟ್ಟಿಗೆಯ ಕೋಣೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಕಾವು ಕೊಟ್ಟು ಬೇಯಿಸುತ್ತಾರೆ. ಸುಗ್ಗಿ ಮುಗಿದು ಖಾಲಿಯಾದಾಗ ಅದರೊಳಗೆ ನಿಂತು ಹಾಡಿದರೆ ಹೇಗಿರುತ್ತದೆ ಎಂದು ಅವತ್ತಿನ ತನಕ ನಾನು ಯೋಚಿಸಿರಲಿಲ್ಲ. ಈಗ ಶ್ರಾವಣ ಮುಗಿಯುವ ಕಾಲ. ಬ್ಯಾರನ್ ತುಂಬ ಸೊಪ್ಪಿತ್ತು, ಒಲೆ ಉರಿಯುತ್ತಿತ್ತು. ವೈರುಗಳ ತುದಿ ಒಲೆಯ ಮುಂದಿನ ಚಪ್ಪರದ ಕಂಬಕ್ಕೆ ಸುತ್ತಿಕೊಂಡಿದ್ದವು. ಕಂಬದ ಪಕ್ಕದಲ್ಲಿ ಸವಿತಳ ತಾಯಿ ಸಣ್ಣಮ್ಮ ಸೌದೆ ದೂಡುತ್ತ ಕೂತಿದ್ದರು.

ನಾನು ವೈರಿನ ತುದಿ ಹಿಡಿದುಕೊಂಡು ಅವರ ಮುಂದೆ ನಿಂತೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು.

"ನಾನೇ ಕಣಣ್ಣ," ಎಂದರು.

ಸವಿತ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

ಸಣ್ಣಮ್ಮ ಹೇಳಿದ್ದು ಇಷ್ಟು. ಮಾತು ಬಿಟ್ಟ ಮೇಲೆ, ಸಣ್ಣಿ ಸೊಲ್ಲು ಹಿಡಿದರೆ ನಾನು ಬಾಯಿ ತೆರೆಯಲ್ಲ ಎಂದು ಕೆಂಪಮ್ಮ ಹೇಳಿದ್ದರು. ಬೇರೆ ಯಾರು ಹಿಡಿದರೂ ಕೆಂಪಮ್ಮನಿಗೆ ಹಾಡು ಬರುತ್ತಿರಲಿಲ್ಲ. ನಡುವೆ ಸಿಕ್ಕಿಕೊಂಡ ಜವರಪ್ಪ, ಫಾರಿನ್ ಪೆಟ್ಟಿಗೆ ತಂದಿದ್ದೀನಿ, ಇನ್ನು ಯಾರೂ ಬೇಡ, ಪೆಟ್ಟಿಗೆಯೇ ಸೊಲ್ಲು ಹಿಡಿಯುತ್ತದೆ ಎಂದು ಹೇಳಿ ಕೆಂಪಮ್ಮನನ್ನು ಒಪ್ಪಿಸಿದ್ದರು. ಹೆಂಡತಿಯನ್ನು ಖಾಲಿ ಬ್ಯಾರನ್ನಿನಲ್ಲಿ ಮೈಕಿನ ಮುಂದೆ ನಿಲ್ಲಿಸಿದ್ದರು. ಪೆಟ್ಟಿಗೆಯ ದೀಪ ಹೊತ್ತಿಸಿ ಕೆಂಪಮ್ಮನ ಕಣ್ಣಿಗೆ ಬೀಳುವಂತೆ ಇಟ್ಟಿದ್ದರು. ಅಕ್ಕತಂಗಿಯರ ದನಿ ಒಂದೇ ಅಚ್ಚು. ಹಿಂದೆ ಸಣ್ಣಗೆ ಬೆರೆಸಿದರೆ ನೆರಳೋ ಮನುಷ್ಯರೋ ಎಂದು ಹೇಳುವುದು ಕಷ್ಟ.

"ಅವ್ರು ಓದ್ಮೇಲೆ ನಾನಾಗೇ ಎಂಗೆ ಯೋಳ್ಲಿ? ನಾನೇ ಆ ಪೆಟ್ಟಿಗೆ ಅಂತ ಓಗಿ ನಿಂತ್ಕಂಡ್ರೆ, ಮೋಸ ಮಾಡುದ್ರಿ ಅಂತ ಅರ್ಧ ಆಡುನ್ನೂ ಬ್ಯಾಡ ಅಂದ್ಬುಟ್ರೆ?" ಸಣ್ಣಮ್ಮ ಕಣ್ಣೊರೆಸಿಕೊಂಡರು. ಹೊಗೆಗೋ, ಅಳುವಿಗೋ, ಅದೂ ನನಗೆ ಗೊತ್ತಾಗಲಿಲ್ಲ.

ನಾನು ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಬಿದ್ದೆ. ಮೆಷೀನಿನ ದೋಷ ಸಿಕ್ಕರೆ ಏನು ಮಾಡಬೇಕೆಂದು ನನಗೆ ಗೊತ್ತು. ಇಲ್ಲಿ ದೋಷ ಸಿಕ್ಕಿತ್ತು, ಬಿಚ್ಚಲು ಸ್ಕ್ರೂ ಇರಲಿಲ್ಲ. ನಿಜ ಹೇಳಿದರೆ ಕೆಂಪಮ್ಮ ಎದ್ದು ಹೋಗಬಹುದು, ಹಾಡು ಹೊಳೆಯ ನಡುವೆಯೇ ಉಳಿಯಬಹುದು. ಹೇಳದಿದ್ದರೆ, ಗಂಟಲು ಕುಯ್ಯಿಸಿಕೊಳ್ಳಲು ಹೊರಟ ಹೆಂಗಸಿಗೆ ಮತ್ತೆ ಮೋಸ. ಸವಿತ ಒಂದು ಸಲ ಹೇಳೋಣ ಎಂದಳು, ಇನ್ನೊಂದು ಸಲ ಬೇಡ ಎಂದಳು. ನಾನೂ ಅವಳ ಹಾಗೇ ಎರಡೂ ಅಂದೆ. ಕೊನೆಗೆ ಸಣ್ಣಮ್ಮನೇ ತೀರ್ಮಾನ ಮಾಡಿದರು. "ಆಪ್ರೇಸನ್ ಮುಗೀಲಿ, ಆಮೇಲೆ ನಾನೇ ಯೋಳ್ತೀನಿ. ಈಗ ಆಡು ಮುಗೀಲಿ. ಒಲೆ ಬುಟ್ಟು ನಾನೆಂಗೂ ಬರಂಗಿಲ್ಲ, ಕಾವು ಎಚ್ಚುಕಮ್ಮಿ ಆದ್ರೆ ಸೊಪ್ಪು ಕೆಡ್ತದೆ. ಇಲ್ಲೇ ನಿಂತು ಇಡೀತೀನಿ."

ಗೌರಿ ಹಬ್ಬದ ಹಿಂದಿನ ದಿನ ರೆಕಾರ್ಡಿಂಗ್. ತುಂಬಿದ ಬ್ಯಾರನ್ನಿನಲ್ಲಿ ಅನುರಣನ ಬರುವುದಿಲ್ಲ, ಸೊಪ್ಪು ಎಲ್ಲವನ್ನೂ ನುಂಗುತ್ತದೆ. ಆದ್ದರಿಂದ ಒಲೆಯ ಮುಂದಿನ ಮೈಕಿನಿಂದ ಬಂದ ಸಣ್ಣಮ್ಮನ ದನಿಯನ್ನು ನಾನು ರಿವರ್ಬ್ ಪೆಟ್ಟಿಗೆಯ ಮೂಲಕ ಹಾಯಿಸಿ, ಖಾಲಿ ಬ್ಯಾರನ್ನಿನಷ್ಟು ಜಾಗ ಅದರ ಹಿಂದೆ ಕಟ್ಟಿದೆ. ಇಷ್ಟು ದಿನ ಸುಮ್ಮನೆ ದೀಪ ತೋರಿಸುತ್ತಿದ್ದ ಪೆಟ್ಟಿಗೆ ಕೊನೆಗೂ ಕೆಲಸಕ್ಕೆ ಬಂತು. ಸೌದೆ ಚಟಪಟ ಎನ್ನುವುದು ಮಾತ್ರ ಮೈಕಿಗೆ ಸ್ವಲ್ಪ ಬೀಳುತ್ತಿತ್ತು. ಅದನ್ನು ತೆಗೆಯಲು ನನ್ನಿಂದ ಆಗಲಿಲ್ಲ.

ಕೆಂಪಮ್ಮ ಬಂದು ಮೈಕಿನ ಮುಂದೆ ಕೂತರು. "ಪೆಟ್ಟಿಗೆ ಸರಿಗಾಯ್ತೇನಪ್ಪ?" ಎಂದು ಕೇಳಿದರು.

"ಆಯ್ತು ಕಣಕ್ಕ," ಎಂದೆ. ಅದು ಸುಳ್ಳೋ ನಿಜವೋ ಇವತ್ತಿಗೂ ತೀರ್ಮಾನ ಮಾಡಿಲ್ಲ.

ಮೊದಲ ಸಾಲು ಹಾಡಿ ಅವರು ಕಾದರು. ನಾನು ಮಿಕ್ಸರಿನ ಗುಂಡಿ ಮೇಲೆತ್ತಿದೆ. ದೂರದಿಂದ ಸೊಲ್ಲು ಬಂತು. ಕೆಂಪಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ನಿಲ್ಲಲಿಲ್ಲ. ನಡುಹೊಳೆಯಲ್ಲಿ ನಿಂತಿದ್ದ ಹೆಣ್ಣು ಸೀರೆ ಎತ್ತಿ ಕಟ್ಟಿ ನೀರು ಸೀಳಿಕೊಂಡು ನಡೆಯತೊಡಗಿದಳು.

ಆಚೆ ದಡ ಕಾಣುವ ಹೊತ್ತಿಗೆ ಕೆಂಪಮ್ಮನಿಗೆ ಕೆಮ್ಮು ಬಂತು. ಮೊದಲಿನ ಹಾಗೆ ಸಣ್ಣದಲ್ಲ. ಎದೆ ಹಿಡಿದುಕೊಂಡು ಬಗ್ಗಿಬಿಟ್ಟರು. ಮುಗಿಯಿತು ಎಂದುಕೊಂಡೆ. ಹೆಡ್‌ಫೋನಿನಲ್ಲಿ ಸೊಲ್ಲು ನಿಲ್ಲಲಿಲ್ಲ. ಒಂದು ಸಲ ಬಂತು, ಮತ್ತೊಂದು ಸಲ ಬಂತು, ಅದೇ ಶ್ರುತಿ, ಅವಸರ ಇಲ್ಲ. ಮೂರನೆಯ ಸಲಕ್ಕೆ ಕೆಂಪಮ್ಮ ತಲೆಯೆತ್ತಿ ಅದರ ಜೊತೆಗೇ ಸೇರಿಕೊಂಡರು. ಯಾವ ಪೆಟ್ಟಿಗೆಯೂ ಹೀಗೆ ಮಾಡುವುದಿಲ್ಲ ಎಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಹಾಡು ದಡ ಮುಟ್ಟಿತು.

ಹಾಡಿದ ಮೇಲೆ ಎಲೆ ಅಡಿಕೆ ಕೊಡುವುದು ವಾಡಿಕೆ. ಸವಿತ ತಟ್ಟೆ ತಂದು ಮೊದಲನೆಯದನ್ನು ದೊಡ್ಡವ್ವನ ಮುಂದೆ ಹಿಡಿದಳು. ಕೆಂಪಮ್ಮ ಕೈ ಚಾಚಲಿಲ್ಲ.

"ಮೊದ್ಲು ಪೆಟ್ಟಿಗೆಗೆ ಕೊಡವ್ವ," ಎಂದರು.

ಸವಿತ ನನ್ನ ಮುಖ ನೋಡಿದಳು. ನನಗೇನು ಗೊತ್ತು? ಅವಳು ಎಲೆ ಅಡಿಕೆಯನ್ನು ರಿವರ್ಬಿನ ಮೇಲಿಡಲು ಹೋದಳು.

"ಅಲ್ಲಿಗಲ್ಲ ಕಣೆ," ಎಂದರು ಕೆಂಪಮ್ಮ. "ಒಲೆ ಮುಂದ್ಗಡೆ ನಿಂತ್ಕಂಡು ಒಗೆ ಕುಡೀತಾ ಐತಲ್ಲ, ಆ ಪೆಟ್ಟಿಗೆಗೆ."

ಮೈಕುಗಳನ್ನು ನಾನು ಇನ್ನೂ ಆರಿಸಿರಲಿಲ್ಲ. ಕೆಂಪಮ್ಮನ ಮಾತು ಒಲೆಯ ಬಳಿಯ ಹೆಡ್‌ಫೋನಿಗೆ ಹೋಗಿತ್ತು. ಹಾಡು ಮುಗಿದ ಮೇಲೆ ನಾನು ಹಾಕಿದ್ದ ಕೋಣೆಯ ಸ್ಪೀಕರಿನಲ್ಲಿ ಸೌದೆಯ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ಒಂದು ದನಿ.

"ಅಕ್ಕ, ನೀನೇ ತಂದ್ಕೊಡು."

ಹದಿನೈದು ವರ್ಷದ ಮೇಲೆ ತಂಗಿ ಅಕ್ಕನನ್ನು ಕರೆದದ್ದು ನನ್ನ ರಿವರ್ಬಿನ ಮೂಲಕ ಬಂತು. ಅಕ್ಕ ಎಂಬುದು ಆ ಕೋಣೆಯಲ್ಲಿ ಬಹಳ ಹೊತ್ತು ಓಡಾಡಿ ಆಮೇಲೆ ಕರಗಿತು. ಕೆಂಪಮ್ಮ ಎಲೆ ಅಡಿಕೆ ತೆಗೆದುಕೊಂಡು, ಸೆರಗು ಬಿಗಿ ಮಾಡಿಕೊಂಡು, ಅಂಗಳಕ್ಕೆ ಇಳಿದರು. ನಾನು ಮೈಕ್ ಆರಿಸಿದೆ. ಅಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು.

ಸಂಜೆ ಕೆಂಪಮ್ಮನನ್ನು ಬಸ್ ಹತ್ತಿಸಲು ಜೊತೆಗೆ ನಡೆದೆ. ತಡೆಯಲಾರದೆ ಕೇಳಿದೆ, "ನಿಮಗೆ ಯಾವಾಗ ಗೊತ್ತಾಯ್ತಕ್ಕ?"

"ಜವರಪ್ಪ ಆಡಿಸ್ದಾಗ್ಲೇ, ಮೊದಲ್ನೇ ಸೊಲ್ಲಿಗೇ. ಇಬ್ರೂ ನಮ್ಮವ್ವನ ಪಕ್ಕದಲ್ಲೇ ಕುಂತು ಕಲಿತದ್ದು. ಯಾವ ದೇಸದ ಪೆಟ್ಟಿಗೆಗೆ ಆ ಉಸ್ರು ಬತ್ತದಪ್ಪ?"

"ಮತ್ತೆ ನನ್ನನ್ಯಾಕೆ ಇಷ್ಟು ಅಲೆಸಿದ್ರಿ?"

"ಅವಳ್ನ ನಾನೆಂಗೆ ಕರೀಲಿ? ಬಾಯಿ ಬರ್ನಿಲ್ಲ," ಎಂದರು. "ಪೆಟ್ಟಿಗೆ ಕೆಟ್ಟೋಗೈತೆ ಅನ್ನದಾದ್ರೆ ಯಾರ ತಾವ ಬೇಕಾದ್ರೂ ಅನ್ಬೋದು."

ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ದಪ್ಪವಾಗಿ ಕೆಳಗಿಳಿಯಿತು. ಹೇಳಿಕೊಡಲು ಈಗ ಆಗುವುದಿಲ್ಲ. ಮದುವೆಗಳಲ್ಲಿ ಸಣ್ಣಮ್ಮ ಹೇಳಿಕೊಡುತ್ತಾರೆ, ಕೆಂಪಮ್ಮ ಹಿಂದೆ ಕೂತು ಸೊಲ್ಲು ಹಿಡಿಯುತ್ತಾರೆ. ಮೊದಲ ಎಲೆ ಅಡಿಕೆ ಯಾರಿಗೆ ಹೋಗುತ್ತದೆ ಎಂದು ನಾನು ಕೇಳಲು ಹೋಗಿಲ್ಲ.

ಆ ರಿವರ್ಬನ್ನು ನಾನು ರಿಪೇರಿ ಮಾಡಿದೆನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಈಗಲೂ ತಬ್ಬಿಬ್ಬಾಗುತ್ತೇನೆ. ಒಂದು ಅಭ್ಯಾಸ ಮಾತ್ರ ಬದಲಾಗಿದೆ. ಯಾರಾದರೂ ಪೆಟ್ಟಿಗೆ ತಂದು, ಇದರ ದನಿ ಮೊದಲಿನ ಹಾಗಿಲ್ಲ ಎಂದರೆ ತಕ್ಷಣ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. ಕೂರಿಸಿ, ಟೀ ತರಿಸಿ, ಮನೆಯಲ್ಲಿ ಇದರ ವೈರು ಎಲ್ಲಿಗೆ ಹೋಗುತ್ತಿತ್ತು ಎಂದು ಮೊದಲು ಕೇಳುತ್ತೇನೆ.